ಕುಮಟಾದಿಂದ ಮರವಂತೆ: ಒಂಟಿ ಸೈಕಲ್ಲಿನ ಒಂದು ದಿನ

ಒಬ್ಬರೇ, ಸೈಕಲ್ಲಿಗೆ ಸಾಮಾನು ಹೇರಿಕೊಂಡು, ಒಂದೇ ದಿನದಲ್ಲಿ ಹತ್ತಿರ ಹತ್ತಿರ 100 ಕಿಲೋಮೀಟರ್. ಆಗುತ್ತಾ? ಆಗುತ್ತೆ, ಲೆಕ್ಕ ಹಾಕಿ ಹೊರಟರೆ.

ದಾರಿ: ರಾಷ್ಟ್ರೀಯ ಹೆದ್ದಾರಿ 66. ಕುಮಟಾದಿಂದ ದಕ್ಷಿಣಕ್ಕೆ, ಮರವಂತೆ ತನಕ.

ಬೆಳಗ್ಗೆ 6 ಗಂಟೆಗೆ ಹೊರಡಿ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಬೇಗ ಆರಲ್ಲ, ಮೈ ತಣಿಯಲ್ಲ. ಬಿಸಿಲೇರೋದರೊಳಗೆ ಅರ್ಧ ದಾರಿ ಮುಗಿದಿರಲಿ.

ಹೊನ್ನಾವರ. ಶರಾವತಿ ಸೇತುವೆ ದಾಟಿ ಮುಂದೆ ಏರು ಬಂದರೆ ಹಟ ಬೇಡ. ಗೇರ್ ಇಳಿಸಿ, ಹಗುರಾಗಿ, ಬೇಗ ಬೇಗ ತುಳೀರಿ. ಭಾರದ ಗೇರಲ್ಲಿ ಒತ್ತಿದರೆ ಮೊದಲು ಸೋಲೋದು ಮಂಡಿ.

ಹಸಿವಾಗೋ ತನಕ ಕಾಯಬೇಡಿ. ಗಂಟೆಗೊಂದು ಬಾಳೆಹಣ್ಣು, ಇಲ್ಲಾಂದ್ರೆ ಶೇಂಗಾ ಚಿಕ್ಕಿ. ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕಲ್ಲಿ ನಿಲ್ಲಿ.

ಭಟ್ಕಳದಲ್ಲಿ ಊಟ, ನೆರಳಲ್ಲಿ ವಿಶ್ರಾಂತಿ. ಮಧ್ಯಾಹ್ನದ ಕಡಲಗಾಳಿ ಬಲಗಡೆಯಿಂದ ತಳ್ಳುತ್ತೆ. ಲಾರಿ ಪಕ್ಕಕ್ಕೆ ಬಂದಾಗ ಆ ಗಾಳಿ ತಟ್ಟನೆ ನಿಲ್ಲುತ್ತೆ, ದಾಟಿದ ಕೂಡಲೇ ಮತ್ತೆ ಹೊಡೆಯುತ್ತೆ. ಸೈಕಲ್ ಓಲಾಡೋದು ಆಗಲೇ. ಹ್ಯಾಂಡಲ್ ಗಟ್ಟಿಯಾಗಿ ಹಿಡೀರಿ.

ಪಂಕ್ಚರ್ ಆದರೆ? ಜೊತೆಗಾರರಿಲ್ಲ. ಹೊಸ ಟ್ಯೂಬು, ಟೈರ್ ಬಿಚ್ಚೋ ಲಿವರ್, ಪಂಪು, ಮೂರೂ ಚೀಲದ ಮೇಲ್ಗಡೆಯೇ ಇರಲಿ.

ಮರವಂತೆ ಬಂತು. ಬಲಕ್ಕೆ ಅರಬ್ಬೀ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ನಿಮ್ಮ ರಸ್ತೆ. ಫೋಟೋ ತೆಗೀರಿ, ಆದರೆ ಹೆದ್ದಾರಿ ಬಿಟ್ಟು ಇಳಿದು.

ತಂಗೋ ಜಾಗಕ್ಕೆ ಹೋದ ಮೇಲೆ, ಸ್ನಾನಕ್ಕೂ ಮೊದಲು ಚೈನ್ ಒರೆಸಿ ಎಣ್ಣೆ ಬಿಡಿ. ಉಪ್ಪುಗಾಳಿಗೆ ತುಕ್ಕು ಬೇಗ. ಆಮೇಲೆ ಮನೆಗೊಂದು ಫೋನ್ ಮಾಡಿ ಹೇಳಿ: ಇವತ್ತು ಎಲ್ಲಿದ್ದೀರಿ, ನಾಳೆ ಎಲ್ಲಿಗೆ ಹೊರಟಿದ್ದೀರಿ.