ಹೃದಯ ಶಸ್ತ್ರಚಿಕಿತ್ಸೆಯ ನಂತರ ಕುಗ್ಗುವ ಮನಸ್ಸು: ಅಧೈರ್ಯವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ

ದಂಡಿನಶಿವರ: ಹೃದಯದ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ಮನೆಗೆ ಮರಳಿದವರು ಕೆಲವೇ ದಿನಗಳಲ್ಲಿ ಮಾತು ಕಡಿಮೆ ಮಾಡುತ್ತಾರೆ. ಊಟ ಸೇರದು, ನಿದ್ದೆ ಬಾರದು. ಕಾರಣವಿಲ್ಲದೆ ಕಣ್ಣು ತುಂಬುತ್ತದೆ, ಇಲ್ಲವೇ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಗಾಯ ಮಾಗುತ್ತಿದೆ, ಪರೀಕ್ಷೆಯ ವರದಿಗಳೂ ಸರಿಯಾಗಿವೆ. ಆದರೆ ಮನುಷ್ಯ ಮೊದಲಿನಂತಿಲ್ಲ. 'ಆಪರೇಷನ್‌ಗೆ ಹೆದರಿಕೊಂಡಿದ್ದಾರೆ, ತಾನಾಗಿಯೇ ಸರಿಹೋಗುತ್ತದೆ' ಎಂದು ಮನೆಯವರು ಸಮಾಧಾನ ತಂದುಕೊಳ್ಳುವುದುಂಟು. ಅನೇಕರ ವಿಷಯದಲ್ಲಿ ಇದು ನಿಜ. ಆದರೆ ಕೆಲವರಲ್ಲಿ ಅದು ಖಿನ್ನತೆಯ ಆರಂಭವಾಗಿರುತ್ತದೆ. ಅದನ್ನು ಗಮನಿಸದೆ ಬಿಟ್ಟರೆ ಸರಿಪಡಿಸಿದ ಹೃದಯಕ್ಕೂ ಅಪಾಯ ತಪ್ಪಿದ್ದಲ್ಲ.

ಏಕೆ ಹೀಗಾಗುತ್ತದೆ?

ಬೈಪಾಸ್ ಅಥವಾ ಕವಾಟ ಬದಲಾವಣೆಯಂತಹ ಶಸ್ತ್ರಚಿಕಿತ್ಸೆ ದೇಹಕ್ಕೆ ದೊಡ್ಡ ಆಘಾತ. ಅರಿವಳಿಕೆ, ರಕ್ತಹೀನತೆ, ನೋವು, ನಿದ್ದೆಗೆಡುವಿಕೆ ಎಲ್ಲವೂ ಸೇರಿ ಮನಸ್ಸನ್ನು ಬಳಲಿಸುತ್ತವೆ. ಸಾವನ್ನು ಹತ್ತಿರದಿಂದ ಕಂಡ ಭಯ, ಚಿಕಿತ್ಸೆಗೆ ತಗುಲಿದ ಖರ್ಚಿನ ಚಿಂತೆ ಇದಕ್ಕೆ ಜೊತೆಯಾಗುತ್ತವೆ. ಹೀಗಾಗಿ ಮೊದಲ ಕೆಲವು ವಾರಗಳಲ್ಲಿ ಒಂದು ದಿನ ಉಲ್ಲಾಸ, ಮರುದಿನ ಬೇಸರ ಎಂಬ ಏರಿಳಿತ ಸಹಜ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಭಾಗದ ತೆಂಗು ಬೆಳೆಗಾರರಿಗೆ ಇನ್ನೊಂದು ಕಾರಣವೂ ಉಂಟು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಸೀಳಿ, ಬಳಿಕ ತಂತಿಯಿಂದ ಬಿಗಿಯಲಾಗುತ್ತದೆ. ಅದು ಕೂಡಿಕೊಳ್ಳಲು 6ರಿಂದ 8 ವಾರ, ಪೂರ್ಣ ಚೇತರಿಕೆಗೆ ಸುಮಾರು 3 ತಿಂಗಳು ಬೇಕು. ಅಲ್ಲಿಯವರೆಗೆ ಕಾಯಿ ಸುಲಿಯುವಂತಿಲ್ಲ, ಮೂಟೆ ಎತ್ತುವಂತಿಲ್ಲ, ಅಟ್ಟ ಹತ್ತುವಂತಿಲ್ಲ. ವೈದ್ಯರು ಒಪ್ಪುವವರೆಗೆ ಬೈಕ್ ಓಡಿಸುವಂತೆಯೂ ಇಲ್ಲ. ಬೆಳಗಾದರೆ ತೋಟಕ್ಕೆ ಹೋಗಿ ಅಭ್ಯಾಸವಾದವರು ಜಗಲಿಯ ಮೇಲೆ ಸುಮ್ಮನೆ ಕೂರಬೇಕಾದಾಗ 'ಇನ್ನು ನನ್ನಿಂದ ಏನೂ ಆಗದು' ಎಂಬ ಭಾವನೆ ಬೇರೂರುತ್ತದೆ. ಮನೆಗೆಲಸವನ್ನೆಲ್ಲ ಹೊತ್ತಿದ್ದ ಗೃಹಿಣಿಯರ ಸ್ಥಿತಿಯೂ ಇದೇ.

ಬೇಸರ ಕಾಯಿಲೆಯಾಗುವುದು ಯಾವಾಗ?

ವೈದ್ಯರು ಮೊದಲು ಕೇಳುವುದು ಎರಡೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೇ, ಹತಾಶೆ ಆವರಿಸಿದೆಯೇ? ಮೊದಲು ಇಷ್ಟವಾಗುತ್ತಿದ್ದ ಸಂಗತಿಗಳಲ್ಲಿ ಆಸಕ್ತಿ ಹೋಗಿದೆಯೇ? ಹೆಚ್ಚಿನ ದಿನಗಳಲ್ಲಿ ಹೀಗೆಯೇ ಆಗುತ್ತಿದ್ದರೆ ಕಾಯುತ್ತ ಕೂರುವುದು ತರವಲ್ಲ. ತಾನು ಮನೆಗೆ ಭಾರವೆಂಬ ಮಾತು, ಮಾತ್ರೆ ನುಂಗಲು ನಿರಾಕರಣೆ, ನಡಿಗೆಗೆ ಉದಾಸೀನ, ಮದ್ಯದ ಮೊರೆ ಇವೂ ಎಚ್ಚರಿಕೆಯ ಲಕ್ಷಣಗಳೇ.

ಇದನ್ನು ಲಘುವಾಗಿ ಕಾಣಬಾರದೆಂಬುದಕ್ಕೆ ಆಧಾರವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಜ್ಞರು ಬೈಪಾಸ್ ಆದ 817 ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 38ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಶಸ್ತ್ರಚಿಕಿತ್ಸೆಗೆ ಮೊದಲೇ ಇದ್ದ ಖಿನ್ನತೆ 6 ತಿಂಗಳ ನಂತರವೂ ಮುಂದುವರಿದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಖಿನ್ನತೆಯುಳ್ಳವರು ಔಷಧ, ಪಥ್ಯ, ವ್ಯಾಯಾಮ ತಪ್ಪಿಸುವುದು ಸಾಮಾನ್ಯ. ಖಿನ್ನತೆಯಿಂದ ದೇಹದಲ್ಲಾಗುವ ಬದಲಾವಣೆಗಳೂ ಹೃದಯಕ್ಕೆ ಹಿತವಲ್ಲ.

ಚಿಕಿತ್ಸೆ ಏನು?

ಶಸ್ತ್ರಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಆಗಿರಲಿ, ಬೇರೆಲ್ಲೇ ಆಗಿರಲಿ, ಮರುತಪಾಸಣೆಗೆ ಹೋದಾಗ ಎದೆಯ ಗಾಯದ ಜೊತೆಗೆ ಮನಸ್ಸಿನ ಸ್ಥಿತಿಯನ್ನೂ ಹೇಳಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ ಅಥವಾ ಕೆಲವು ಔಷಧಗಳಿಂದಲೂ ಇಂತಹ ಸುಸ್ತು ಕಾಣಿಸಬಹುದು. ಅದನ್ನು ಪರೀಕ್ಷಿಸಿ ತಿಳಿಯಲಾಗುತ್ತದೆ. ಸುಸ್ತೆಂದು ಹೃದಯದ ಮಾತ್ರೆಗಳನ್ನು ಸ್ವತಃ ನಿಲ್ಲಿಸುವುದು ಅಪಾಯಕಾರಿ.

ಸೌಮ್ಯ ಖಿನ್ನತೆಗೆ ಆಪ್ತ ಸಮಾಲೋಚನೆಯೇ ಸಾಕಾಗಬಹುದು. ಅಗತ್ಯವಿದ್ದರೆ ಸೆರ್ಟ್ರಲಿನ್‌ನಂತಹ ಮಾತ್ರೆಗಳುಂಟು; ಇದು ಹೃದ್ರೋಗಿಗಳಲ್ಲಿ ಪರೀಕ್ಷಿತವಾದ ಔಷಧ. ಗುಣ ಕಾಣಲು ಕೆಲವು ವಾರಗಳು ಬೇಕು. ಆದರೆ ಖಿನ್ನತೆಯ ಕೆಲವು ಹಳೆಯ ಔಷಧಗಳು ಹೃದಯಕ್ಕೆ ಒಗ್ಗುವುದಿಲ್ಲ. ಇನ್ನು ಕೆಲವು, ರಕ್ತ ತೆಳುಮಾಡುವ ಮಾತ್ರೆಗಳೊಂದಿಗೆ ಸೇರಿದಾಗ ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತವೆ. ಆದ್ದರಿಂದ ಔಷಧ ಅಂಗಡಿಯಲ್ಲಿ ಕೇಳಿ ತರದೆ, ಈಗಿನ ಚೀಟಿಗಳನ್ನೆಲ್ಲ ವೈದ್ಯರಿಗೆ ತೋರಿಸಬೇಕು.

ಪದೇ ಪದೇ ದೂರದ ಆಸ್ಪತ್ರೆಗೆ ಹೋಗಲಾಗದವರಿಗೆ ಭರವಸೆ ಕೊಡುವ ಸಂಗತಿಯೊಂದಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಬೈಪಾಸ್ ನಂತರ ಖಿನ್ನತೆಗೆ ಒಳಗಾದ 302 ಮಂದಿಯ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳಿಗೆ ದಾದಿಯರು 8 ತಿಂಗಳು ದೂರವಾಣಿಯಲ್ಲಿಯೇ ವಿಚಾರಿಸಿ ನೆರವಾದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ನೆರವು ಪಡೆದವರಲ್ಲಿ ಶೇ 50ರಷ್ಟು ಮಂದಿ ಗಣನೀಯವಾಗಿ ಸುಧಾರಿಸಿದರೆ, ಉಳಿದವರಲ್ಲಿ ಆ ಪ್ರಮಾಣ ಶೇ 30ರಷ್ಟಿತ್ತು.

ನಮ್ಮಲ್ಲಿಯೂ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತ ಸಲಹೆ ದೊರೆಯುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಯೂ ಉಂಟು. ಮನೋವೈದ್ಯರು ಯಾವ ದಿನ ಲಭ್ಯವೆಂಬುದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಮನೆಯವರು ಮಾಡಬಹುದಾದದ್ದು

ಕಾಳಜಿಯ ಹೆಸರಿನಲ್ಲಿ ಎಲ್ಲ ಜವಾಬ್ದಾರಿಯನ್ನೂ ಕಿತ್ತುಕೊಳ್ಳಬಾರದು. ಭಾರ ಎತ್ತಲಾಗದಿದ್ದರೂ ಕೂಲಿಯ ಲೆಕ್ಕ ಬರೆಯಬಹುದು, ತಿಪಟೂರು ಹರಾಜಿನ ಕೊಬ್ಬರಿ ದರ ವಿಚಾರಿಸಬಹುದು, ಯಾವ ತೋಟಕ್ಕೆ ನೀರು ಹಾಯಿಸಬೇಕೆಂದು ಹೇಳಬಹುದು. ವೈದ್ಯರು ಒಪ್ಪಿದಷ್ಟು ನಡಿಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಜೊತೆಯಲ್ಲಿ ಒಬ್ಬರು ಹೋದರೆ ದೇಹಕ್ಕೂ ಮನಸ್ಸಿಗೂ ಒಳ್ಳೆಯದು. 'ಧೈರ್ಯ ತಂದುಕೋ' ಎಂಬ ಉಪದೇಶಕ್ಕಿಂತ, ಹೇಳಿದ್ದನ್ನು ಕುಳಿತು ಕೇಳುವುದು ಹೆಚ್ಚು ಉಪಯುಕ್ತ. ನೋಡಲು ಬರುವ ನೆಂಟರು ಹೃದಯಾಘಾತದ ಸಾವಿನ ಕಥೆಗಳನ್ನು ಹೇಳದಿರುವುದು ಲೇಸು.

ಬದುಕಿ ಪ್ರಯೋಜನವಿಲ್ಲವೆಂಬ ಮಾತು ಬಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ರೋಗಿಯನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ತಂದ ಕೀಟನಾಶಕಗಳನ್ನು ಬೀಗದೊಳಗಿಟ್ಟು, ಅಂದೇ ವೈದ್ಯರನ್ನು ಅಥವಾ 14416 ಸಹಾಯವಾಣಿಯನ್ನು ಸಂಪರ್ಕಿಸಬೇಕು. ಎದೆನೋವು, ಉಸಿರಾಟದ ತೊಂದರೆ ಕಂಡರೆ 'ಮನಸ್ಸಿನ ಭ್ರಮೆ' ಎಂದುಕೊಳ್ಳದೆ 108ಕ್ಕೆ ಕರೆ ಮಾಡಬೇಕು.

ಎದೆಯ ಗಾಯಕ್ಕೆ ಔಷಧ ಕೇಳಲು ಯಾರೂ ನಾಚುವುದಿಲ್ಲ. ಮನಸ್ಸಿನ ನೋವಿಗೆ ಔಷಧ ಕೇಳಲೂ ನಾಚಬೇಕಾಗಿಲ್ಲ.