ಮಳೆನೀರಿಗೂ ಒಂದು ದಾಸ್ತಾನು ಲೆಕ್ಕ

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು ಭಾಗಗಳು ಜಲಾವೃತವಾದುದನ್ನು ಉದ್ಯಮ ವಲಯವು ಮರೆತಿಲ್ಲ. ಕೆರೆ ಹಾಗೂ ರಾಜಕಾಲುವೆಗಳ ಒತ್ತುವರಿ ಇಂತಹ ಪ್ರವಾಹಗಳಿಗೆ ಒಂದು ಕಾರಣವಾದರೆ, ಇನ್ನೊಂದು ಕಾರಣವು ನಮ್ಮ ನಿವೇಶನಗಳೊಳಗೇ ಇದೆ. ತೆರೆದ ಮಣ್ಣಿನ ನೆಲವು ಮಳೆಯ ಗಣನೀಯ ಭಾಗವನ್ನು ಇಂಗಿಸಿಕೊಳ್ಳುತ್ತದೆ. ತಗಡಿನ ಚಾವಣಿ ಮತ್ತು ಕಾಂಕ್ರೀಟ್ ಅಂಗಳಗಳು ಹೆಚ್ಚುಕಡಿಮೆ ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಚರಂಡಿಗೆ ಸುರಿಯುತ್ತವೆ.

ಉಗ್ರಾಣಕ್ಕೆ ನೀರು ನುಗ್ಗಿದಾಗ ನಷ್ಟವು ಸರಕಿನ ಬೆಲೆಗೇ ಸೀಮಿತವಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 17(5)ರನ್ವಯ ನಾಶವಾದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಈಗಾಗಲೇ ಪಡೆದಿದ್ದಲ್ಲಿ ಹಿಂತಿರುಗಿಸಬೇಕಾಗುತ್ತದೆ. ಯಂತ್ರಗಳು ನಿಂತ ದಿನಗಳ ಲಾಭನಷ್ಟವು ಸಾಮಾನ್ಯ ಅಗ್ನಿ ವಿಮೆಯ ವ್ಯಾಪ್ತಿಗೆ ಬಾರದು.

ಈ ಅಪಾಯವನ್ನು ತಗ್ಗಿಸುವ ಸರಳ ಸಾಧನವೇ ಒಣ ತಡೆಹೊಂಡ. ಎಂಜಿನಿಯರುಗಳು ಇದನ್ನು ಡ್ರೈ ಡಿಟೆನ್ಷನ್ ಪಾಂಡ್ ಎನ್ನುತ್ತಾರೆ. ಇದು ನೀರು ಸಂಗ್ರಹಿಸಿಡುವ ಕೆರೆಯಲ್ಲ. ಮಳೆ ಬಂದಾಗ ನೀರನ್ನು ತಡೆದು, ತಳದ ಸಣ್ಣ ಕೊಳವೆಯ ಮೂಲಕ ನಿಧಾನವಾಗಿ ಹೊರಬಿಟ್ಟು, ಉಳಿದ ದಿನಗಳಲ್ಲಿ ಹುಲ್ಲುನೆಲವಾಗಿ ಒಣಗಿರುತ್ತದೆ.

ಹೊಂಡದ ಗಾತ್ರವನ್ನು ಅಂದಾಜಿನಿಂದ ನಿರ್ಧರಿಸಲಾಗದು. ಅದರ ಗಣಿತವಾದರೋ ವರ್ತಕರಿಗೆ ಚಿರಪರಿಚಿತ: ಆರಂಭಿಕ ದಾಸ್ತಾನಿಗೆ ಒಳಬಂದುದನ್ನು ಕೂಡಿಸಿ, ಹೊರಹೋದುದನ್ನು ಕಳೆದರೆ ಅಂತಿಮ ದಾಸ್ತಾನು. ಒಳಬರುವ ನೀರು ಎಂದರೆ ಮಳೆಯ ತೀವ್ರತೆ, ನಿವೇಶನದ ವಿಸ್ತೀರ್ಣ ಮತ್ತು ಹರಿವಿನ ಗುಣಾಂಕ, ಈ ಮೂರರ ಗುಣಲಬ್ಧ. ಕಾಂಕ್ರೀಟ್ ನೆಲಕ್ಕೆ ಈ ಗುಣಾಂಕ ಸುಮಾರು 0.9.

ಉದಾಹರಣೆಗೆ, ಒಂದು ಎಕರೆಗೆ ಸಮೀಪದ, ಅಂದರೆ 4,000 ಚದರ ಮೀಟರಿನ, ಪೂರ್ಣ ಕಾಂಕ್ರೀಟ್ ಹೊದಿಸಿದ ನಿವೇಶನವನ್ನು ಊಹಿಸೋಣ. ಹೊರಗಿನ ಚರಂಡಿಗೆ ಸೆಕೆಂಡಿಗೆ 20 ಲೀಟರ್, ಅಂದರೆ ಗಂಟೆಗೆ 72 ಘನ ಮೀಟರ್ ಬಿಡಬಹುದು ಎಂದಿಟ್ಟುಕೊಳ್ಳೋಣ. ಗಂಟೆಗೆ 90 ಮಿ.ಮೀ. ರಭಸದಲ್ಲಿ 15 ನಿಮಿಷ ಮಳೆಯಾದರೆ ಒಳಬರುವುದು 81, ಹೊರಹೋಗುವುದು 18, ಉಳಿಯುವುದು 63 ಘನ ಮೀಟರ್. ಗಂಟೆಗೆ 45 ಮಿ.ಮೀ.ನಂತೆ ಒಂದು ಗಂಟೆ ಸುರಿದರೆ 162ರಲ್ಲಿ 72 ಹೋಗಿ 90 ಉಳಿಯುತ್ತದೆ. ಗಂಟೆಗೆ 28 ಮಿ.ಮೀ.ನಂತೆ ಎರಡು ಗಂಟೆ ಸುರಿದರೆ ಉಳಿಯುವುದು ಸುಮಾರು 58 ಮಾತ್ರ. ಅತಿ ರಭಸದ ಮಳೆಯೇ ಅತಿ ದೊಡ್ಡ ಹೊಂಡವನ್ನು ಬೇಡುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಒಂದೇ ಬಗೆಯ ಮಳೆಗೆ ಲೆಕ್ಕಹಾಕಿ ತೋಡಿದ ಹೊಂಡವು ಬೇರೊಂದು ಬಗೆಯ ಮಳೆಗೆ ಉಕ್ಕೀತು.

ವಾಸ್ತವದಲ್ಲಿ ಹೊರಹರಿವು ಸ್ಥಿರವಾಗಿರುವುದೂ ಇಲ್ಲ. ಕೊಳವೆಯ ಹರಿವು ಅದರ ಮೇಲಿನ ನೀರಿನ ಆಳದ ವರ್ಗಮೂಲವನ್ನು ಅನುಸರಿಸುತ್ತದೆ. ಆಳ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಷ್ಟೇ. ಹೊಂಡ ತುಂಬತೊಡಗುವಾಗ ಹೊರಹೋಗುವ ನೀರು ಕಡಿಮೆಯಿರುವುದರಿಂದ, ಮೇಲಿನ 90 ಘನ ಮೀಟರ್ ಸಾಲದೇ ಹೋಗಬಹುದು. ಆದುದರಿಂದಲೇ ತಜ್ಞರು ಕೆಲವು ನಿಮಿಷಗಳಿಗೊಮ್ಮೆ ಜಮಾ-ಖರ್ಚು ಬರೆಯುವಂತೆ ಗಣಕಯಂತ್ರದಲ್ಲಿ ಮಾದರಿ ರಚಿಸುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1971ರಲ್ಲಿ ಮೊದಲಿಗೆ ರೂಪಿಸಿದ ಎಸ್‌ಡಬ್ಲ್ಯುಎಂಎಂ ತಂತ್ರಾಂಶವು ಇದಕ್ಕೆ ಉಚಿತವಾಗಿ ಲಭ್ಯವಿದೆ. ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ 2019ರಲ್ಲಿ ಮಳೆನೀರು ಚರಂಡಿ ವ್ಯವಸ್ಥೆಯ ಕೈಪಿಡಿಯನ್ನೂ ಪ್ರಕಟಿಸಿದೆ.

ಒಂದು ಮೀಟರ್ ಆಳವಾದರೆ 90 ಘನ ಮೀಟರಿಗೆ ಬೇಕಾಗುವ ಜಾಗ 90 ಚದರ ಮೀಟರ್, ಅಂದರೆ ನಿವೇಶನದ ಶೇ. 2.25. ದಂಡೆಯ ಇಳಿಜಾರಿಗೆ ಇನ್ನಷ್ಟು ಜಾಗ ಹಿಡಿದೀತು. ಒಂದೇ ಕೈಗಾರಿಕಾ ವಸಾಹತಿನ ನೆರೆಹೊರೆಯ ಘಟಕಗಳು ಸೇರಿ ಹೊಂಡ ನಿರ್ಮಿಸಿದಲ್ಲಿ ವೆಚ್ಚವನ್ನೂ ಹಂಚಿಕೊಳ್ಳಬಹುದು.

ಎಂಜಿನಿಯರರಿಂದ ನಕ್ಷೆ ಪಡೆಯುವಾಗ ಉದ್ಯಮಿಗಳು ನಾಲ್ಕು ವಿಷಯಗಳನ್ನು ಲಿಖಿತವಾಗಿ ಕೇಳುವುದು ಉಚಿತ. ಎಷ್ಟು ಅವಧಿಗಳ ಮಳೆಗೆ ಲೆಕ್ಕಹಾಕಲಾಗಿದೆ? ಮಳೆಯ ಅಂಕಿಅಂಶ ಸಮೀಪದ ಮಾಪನ ಕೇಂದ್ರದ್ದೇ? ಹೊಂಡ ಒಂದೆರಡು ದಿನಗಳೊಳಗೆ ಪೂರ್ಣ ಬರಿದಾಗುವುದೇ? ಉಕ್ಕಿದ ನೀರು ಉಗ್ರಾಣದತ್ತ ಹರಿಯದಂತೆ ತುರ್ತು ಕೋಡಿ ಎಲ್ಲಿದೆ? ಕೊಳವೆಯ ಬಾಯಿಗೆ ಪ್ಲಾಸ್ಟಿಕ್, ಎಲೆಕಸ ಕಟ್ಟಿಕೊಂಡರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಮುಂಗಾರಿಗೆ ಮುನ್ನ ಹೂಳು ತೆಗೆಸುವ ಮತ್ತು ಪ್ರತಿ ದೊಡ್ಡ ಮಳೆಯ ನಂತರ ಜಾಲರಿ ಶುಚಿಗೊಳಿಸುವ ಖರ್ಚನ್ನು ವಾರ್ಷಿಕ ಆಯವ್ಯಯದಲ್ಲಿ ಸೇರಿಸಿಕೊಳ್ಳತಕ್ಕದ್ದು.