ಮೂವರ ಮುನಿಸು, ಅಯಸ್ಕಾಂತದ ಮೆಟ್ಟಿಲು

ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಮೂವರು ಗೆಳೆಯರು ಬಂದಿದ್ದಾರೆ ಎಂದುಕೊಳ್ಳಿ. ಮೂವರಿಗೂ ಪರಸ್ಪರ ಮುನಿಸು. ಒಬ್ಬನಿದ್ದ ಕಡೆ ಇನ್ನೊಬ್ಬ ನಿಲ್ಲಲೊಲ್ಲ. ಇರುವ ಜಾಗ ಎರಡೇ: ದತ್ತಾತ್ರೇಯನ ಗುಡಿ, ಇಲ್ಲವೇ ಭೀಮಾ-ಅಮರ್ಜಾ ನದಿಗಳ ಸಂಗಮ. ಒಬ್ಬ ಗುಡಿಗೆ ಹೋದ, ಮತ್ತೊಬ್ಬ ಸಂಗಮಕ್ಕೆ. ಮೂರನೆಯವನು? ಎಲ್ಲಿಗೆ ಹೋದರೂ ಜಗಳ ತಪ್ಪದು.

ಕೆಲವು ಹರಳುಗಳೊಳಗಿನ ಪರಮಾಣುಗಳಿಗೂ ಇದೇ ಪೇಚಾಟ. ಅಲ್ಲಿ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ನೆರೆಯದು ಮೇಲ್ಮುಖವಾದರೆ ತಾನು ಕೆಳಮುಖವಾಗಬೇಕೆಂಬುದು ಅದರ ಸ್ವಭಾವ. ಚೌಕದ ನಾಲ್ಕು ಮೂಲೆಗಳಲ್ಲಿ ಇದು ಸಲೀಸು; ತ್ರಿಕೋನದಲ್ಲಿ ಅಸಾಧ್ಯ. ವಿಜ್ಞಾನಿಗಳು ಇದನ್ನು 'ಜ್ಯಾಮಿತೀಯ ಹತಾಶೆ' ಎನ್ನುತ್ತಾರೆ.

ಇಂಥ ಹರಳನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟರೆ, ಗುಡಿಯಲ್ಲಿ ಮಂಗಳಾರತಿಯ ಗಂಟೆ ಬಾರಿಸಿದಂತೆ. ಮೊದಲು ಇಬ್ಬರು ಮುನಿಸು ನುಂಗಿ ಗುಡಿಗೆ ಬರುತ್ತಾರೆ. ಒಬ್ಬ ಸಂಗಮದಲ್ಲೇ ಉಳಿಯುತ್ತಾನೆ. ಎರಡು ಮೇಲ್ಮುಖ, ಒಂದು ಕೆಳಮುಖ. ಕಳೆದು ಉಳಿಯುವುದು ಪೂರ್ಣ ಕಾಂತತ್ವದ ಮೂರನೆಯ ಒಂದು ಭಾಗ. ಸೆಳೆತ ಹೆಚ್ಚಿದರೂ ಕೆಲಕಾಲ ಏನೂ ಬದಲಾಗದು. ಮಿತಿ ದಾಟಿದ ಮೇಲಷ್ಟೇ ಮೂರನೆಯವನೂ ತಿರುಗುತ್ತಾನೆ. ಹೀಗೆ ಕಾಂತತ್ವ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಈ ಕಥೆಯಲ್ಲಿ ಭಾರತೀಯರೊಬ್ಬರ ಹೆಸರೂ ಇದೆ. 1981ರಲ್ಲಿ ಬಿ. ಶ್ರೀರಾಮ್ ಶಾಸ್ತ್ರಿ ಹಾಗೂ ಬಿಲ್ ಸದರ್ಲೆಂಡ್ ಒಂದು ಜಾಲವನ್ನು ಕಲ್ಪಿಸಿದರು. ಚೌಕಗಳ ನಡುವೆ ಅಲ್ಲಲ್ಲಿ ಕರ್ಣ ಎಳೆದು ತ್ರಿಕೋನಗಳಾಗಿಸಿದ ಜಾಲ ಅದು. ಅದರಲ್ಲಿ ಪರಮಾಣುಗಳು ಎರಡೆರಡಾಗಿ ಜೋಡಿ ಕಟ್ಟಿ ಮುನಿಸು ಮರೆಯುತ್ತವೆಂದು ಅವರ ಗಣಿತ ತೋರಿಸಿತು. ಆದರೆ ಆ ಲೆಕ್ಕಕ್ಕೆ ಒಪ್ಪುವ ಹರಳು 18 ವರ್ಷ ಕೈಗೆ ಸಿಗಲಿಲ್ಲ.

1999ರಲ್ಲಿ ಜಪಾನಿನ ವಿಜ್ಞಾನಿಗಳು ಸ್ಟ್ರಾನ್ಷಿಯಂ, ತಾಮ್ರ, ಬೋರಾನ್, ಆಮ್ಲಜನಕಗಳ ಹರಳೊಂದರಲ್ಲಿ ಅದೇ ಜಾಲವನ್ನು ಕಂಡರು. ಶಾಸ್ತ್ರಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆ ಹರಳಿನಲ್ಲಿ ಪೂರ್ಣ ಕಾಂತತ್ವದ ಎಂಟನೆಯ ಒಂದು, ನಾಲ್ಕನೆಯ ಒಂದು ಭಾಗಗಳಲ್ಲಿ ಮೆಟ್ಟಿಲುಗಳಿದ್ದವು. ಮುಂದೆ ಮೂರನೆಯ ಒಂದರಲ್ಲೂ ಕಂಡಿತು. ಕ್ಷೇತ್ರದ ಸೆಳೆತಕ್ಕೆ ಕೆಲವು ಜೋಡಿಗಳು ಒಡೆಯುತ್ತವೆ. ಒಡೆದವು ಒಂದರಿಂದೊಂದು ದೂರ ಕಾಯ್ದು ಸಾಲಾಗಿ ನಿಲ್ಲುತ್ತವೆ. ಮೆಟ್ಟಿಲಿನ ಗುಟ್ಟು ಇದೇ. ಮೊದಲ ಮೆಟ್ಟಿಲಿಗೇ ಸುಮಾರು 27 ಟೆಸ್ಲಾ ಬೇಕು. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು ಒಂದೂವರೆ ಅಥವಾ ಮೂರು ಟೆಸ್ಲಾ.

ವಿದ್ಯಾರ್ಥಿಗಳು ತ್ರಿಕೋನ ಬರೆದು ಮೂಲೆಗಳಲ್ಲಿ ಮೇಲೆ-ಕೆಳಗೆ ಬಾಣ ಹಾಕಿ ನೋಡಲಿ. ಒಟ್ಟು ಎಂಟು ಬಗೆ. ಆರರಲ್ಲಿ ಒಂದೊಂದು ಜಗಳ, ಎರಡರಲ್ಲಿ ಮೂರು ಮೂರು. ಜಗಳವೇ ಇಲ್ಲದ್ದು ಒಂದೂ ಸಿಗದು. ಮಕ್ಕಳು ಹೀಗೆ ಗೀಚುತ್ತ ಕುಳಿತರೆ ಹೆತ್ತವರು ಗದರದಿರಲಿ. ಶಾಸ್ತ್ರಿಯವರ ಜಾಲವೂ 18 ವರ್ಷ ಕಾಗದದ ಮೇಲಿನ ಗೆರೆಯಾಗಿಯೇ ಕಾದಿತ್ತು.